ಟಿಬಿ ಗುಳಿಗೆ: ಯಾವುದಕ್ಕೆ ಹೆದರ್ಬೇಕು, ಯಾವುದಕ್ಕೆ ಬೇಡ

ದಾವಣಗೆರೇಲಿ ನಮ್ಮ ಸೋದರಮಾವ ಮಂಡಕ್ಕಿ ಭಟ್ಟೀಲಿ ದುಡಿಯೋರು, ಕೆಮ್ಮು ಬಂದ್ರೆ ಹೊಗೇದು ಅಂತ ತಳ್ಕೊಂಡೇ ಬಂದ್ರು, ಕೊನೆಗೆ ಕಫ ಟೆಸ್ಟ್ ಮಾಡ್ಸಿದ್ರೆ ಟಿಬಿ. ಗುಳಿಗೆ ಸರ್ಕಾರದ್ದು, ಫ್ರೀ. ಶುರು ಮಾಡಿದ ದಿನಾನೇ ಮೂತ್ರ ಕಿತ್ತಳೆ ಬಣ್ಣ, ಅತ್ತೆ ರಕ್ತ ಹೋಗ್ತೈತೆ ಅಂತ ಅಳೋಕೆ ಶುರು ಮಾಡಿದ್ರು. ಅದು ಗುಳಿಗೇಲಿರೋ ರಿಫಾಂಪಿಸಿನ್ ಅನ್ನೋ ಔಷಧಿ ಬಣ್ಣ ಅಷ್ಟೇ, ಬೆವರು ಕಣ್ಣೀರಲ್ಲೂ ಬರುತ್ತೆ, ಏನೂ ಆಗಲ್ಲ. ಗುಳಿಗೆ ಕೊಡೋವಾಗ್ಲೇ ಇದೊಂದು ಮಾತು ಹೇಳಿದ್ರೆ ಎಷ್ಟು ಜನದ ಗಾಬರಿ ತಪ್ಪುತ್ತೆ!

ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಅಂತ ನಾಲ್ಕು ಔಷಧೀನೂ ಒಂದೇ ಗುಳಿಗೇಲಿ ಇರ್ತವೆ, ದಿನಕ್ಕೆ ಎಷ್ಟು ಅನ್ನೋದು ತೂಕ ನೋಡಿ. ಆಮೇಲೆ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಕೆಲವೇ ವಾರದಲ್ಲಿ ಕೆಮ್ಮು ಇಳಿದು ಹಸಿವು ಬರುತ್ತೆ ನೋಡಿ, ಅಲ್ಲೇ ಎಡವಟ್ಟು. "ಕೆಮ್ಮೇ ಇಲ್ಲ, ಇನ್ಯಾಕವ್ವ ಗುಳಿಗೆ" ಅಂದ್ರು ಮಾವ. ಒಳಗೆ ನಿಧಾನಕ್ಕೆ ಬೆಳೆಯೋ ರೋಗಾಣು ಉಳ್ಕೊಂಡಿರ್ತವೆ, ಅರ್ಧಕ್ಕೆ ಬಿಟ್ರೆ ಅವೇ ಮತ್ತೆ ಎದ್ದು ಔಷಧಿಗೆ ಬಗ್ಗದೇ ಇರೋ ಟಿಬಿ ಆಗ್ಬಹುದು.

ನಿಜವಾಗ್ಲೂ ಹೆದರ್ಬೇಕಾದ್ದು ಲಿವರ್ ವಿಷಯಕ್ಕೆ. ನಾಲ್ಕರಲ್ಲಿ ಎಥಾಂಬುಟಾಲ್ ಬಿಟ್ರೆ ಉಳಿದ ಮೂರೂ ಲಿವರ್‌ಗೆ ಹೊಡೆತ ಕೊಡಬಹುದು. ಒಂದೇ ಸಮ ವಾಂತಿ, ಊಟ ಸೇರದೇ ಇರೋದು, ಕಣ್ಣು ಹಳದಿ, ಇಂಥದ್ದು ಕಂಡ್ರೆ ಗುಳಿಗೆ ನಿಲ್ಲಿಸಿ ಅವತ್ತೇ ಡಾಕ್ಟ್ರ ಹತ್ರ ಓಡ್ಬೇಕು. ನಮ್ಮ ಕಡೆ ಕಣ್ಣು ಹಳದಿ ಆಯ್ತು ಅಂದ್ರೆ ಕಾಮಾಲೆ ಅಂತ ನಾಟಿ ಔಷಧಿಗೆ ಹೋಗ್ತಾರಲ್ಲ, ನನಗೆ ಅದೇ ಭಯ, ಗುಳಿಗೇನೂ ನಡೀತಿರುತ್ತೆ ಬೇರಿನ ಕಷಾಯಾನೂ ನಡೀತಿರುತ್ತೆ, ಲಿವರ್ ಪಾಡೇನು? ಎಣ್ಣೆ ಹಾಕೋ ಅಭ್ಯಾಸ ಇದ್ರಂತೂ ಕೇಳೋದೇ ಬೇಡ, ಬಿಡ್ಲೇಬೇಕು.

ಕೈಕಾಲು ಜೋಮು ಹಿಡಿದು ಚುಚ್ಚಿದಂಗೆ ಆದ್ರೆ ಅದು ಐಸೋನಿಯಾಜಿಡ್ ಕೆಲಸ, ಅದಕ್ಕೇ ಜೊತೇಲಿ ವಿಟಮಿನ್ ಬಿ6 ಗುಳಿಗೆ ಕೊಡ್ತಾರೆ, ಶುಗರ್ ಇರೋರು ಅದನ್ನ ಬಿಡಬಾರ್ದು. ಕಣ್ಣು ಮಂಜಾದ್ರೆ, ಕೆಂಪು ಹಸಿರು ಗೊತ್ತಾಗದಂಗಾದ್ರೆ ಎಥಾಂಬುಟಾಲ್, ತಡ ಮಾಡಬೇಡಿ, ದೃಷ್ಟಿ ವಾಪಸ್ ಬರದೇ ಇರಬಹುದು. ಕೀಲು ನೋವು ಸಾಮಾನ್ಯವಾಗಿ ಪೈರಜಿನಮೈಡ್‌ದು.

ಇನ್ನೊಂದು, ರಿಫಾಂಪಿಸಿನ್ ಬೇರೆ ಔಷಧಿಗಳ ಜೋರು ಕಮ್ಮಿ ಮಾಡುತ್ತೆ. ಗರ್ಭ ನಿಲ್ಲದಂಗೆ ತಗೊಳ್ಳೋ ಗುಳಿಗೆ ನಂಬ್ಕೊಂಡು ಕೂರೋಹಂಗಿಲ್ಲ, ಕೆಲವು ಶುಗರ್ ಗುಳಿಗೆಗಳೂ ಸರಿಯಾಗಿ ಕೆಲಸ ಮಾಡಲ್ಲ, ಏನೇನು ತಗೊಳ್ತಿದೀರೋ ಎಲ್ಲಾ ಡಾಕ್ಟ್ರಿಗೆ ತೋರ್ಸಿ.

ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ತಿಂಗಳಿಗೆ 1000 ರೂಪಾಯಿ ಅಕೌಂಟಿಗೆ ಹಾಕುತ್ತೆ, 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಮಾವ ಅದ್ರಲ್ಲಿ ಬೆಣ್ಣೆದೋಸೆ ತಿಂದ್ರು, ಅತ್ತೆ ಬೈದ್ರು, ಇರ್ಲಿ ತೂಕ ಅಂತೂ ಏರ್ತು. ಮನೇಲಿರೋ ಪುಟ್ಟ ಮೊಮ್ಮಗನಿಗೆ ಟಿಬಿ ಇಲ್ಲ ಅಂತ ನೋಡ್ಕೊಂಡು ಬರದಂಗೆ ತಡೆಯೋ ಔಷಧಿ ಶುರು ಮಾಡಿದಾರೆ, ಊರಿನ ಆಶಾ ಕಾರ್ಯಕರ್ತೆ ಅಕ್ಕ ಬಂದು ವಿಚಾರಿಸ್ಕೊಂಡು ಹೋಗ್ತಾರೆ.