ಯುಗಾದಿ ಅಮಾವಾಸ್ಯೆಗೆ ಒಂದು ಕ್ವೇಸಾರ್‌ನ ಗೆರೆ

ಯುಗಾದಿ ಅಮಾವಾಸ್ಯೆಯ ನಡುರಾತ್ರಿ ಚಿತ್ರದುರ್ಗದ ಬಯಲಲ್ಲಿ ನಿಂತರೆ ಕನ್ಯಾ ರಾಶಿ ನೆತ್ತಿಯ ಹತ್ತಿರ ಬಂದಿರುತ್ತದೆ. ಚಂದ್ರನಿಲ್ಲ, ಮಳೆಗಾಲ ಇನ್ನೂ ದೂರ. ಆ ರಾಶಿಯಲ್ಲಿ 3ಸಿ 273 ಎಂಬ ಕ್ವೇಸಾರ್ ಇದೆ, ಅಂದರೆ ನಕ್ಷತ್ರದಂತೆ ಚುಕ್ಕೆಯಾಗಿ ಕಾಣುವ, ಬಹುದೂರದ ಗೆಲಾಕ್ಸಿಯ ಉಜ್ವಲ ನಡುಭಾಗ. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ಅದು ದಿಗಂತದಿಂದ 78 ಡಿಗ್ರಿ ಎತ್ತರಕ್ಕೆ ಏರುತ್ತದೆ. ಕಾಂತಿಮಾನ (ಸಂಖ್ಯೆ ಹೆಚ್ಚಾದಷ್ಟೂ ಮಂಕು) ಸುಮಾರು 12.9, ಬರಿಗಣ್ಣಿಗೆ ಕಾಣದು, 8 ಇಂಚಿನ ಟೆಲಿಸ್ಕೋಪಿಗೆ ಸಿಗುತ್ತದೆ. ಗೆಲಾಕ್ಸಿಗಳ ಓಟವನ್ನು ಓದಿ ಬಿಡದೆ ತಾರಸಿಯ ಮೇಲೆ ನಿಂತು ತಾವೇ ಅಳೆಯಬೇಕು ಎನ್ನುವವರು ಇದರಿಂದಲೇ ಶುರು ಮಾಡಬೇಕು. ಯಾಕೆ ಇದೇ ಎಂಬುದು ಲೆಕ್ಕ ನೋಡಿದಾಗ ಗೊತ್ತಾಗುತ್ತದೆ.

ದೂರ ಹೋಗುವ ವಸ್ತುವಿನ ಬೆಳಕಿನ ಅಲೆ ಉದ್ದವಾಗುವುದಕ್ಕೆ ಕೆಂಪು ಪಲ್ಲಟ ಎನ್ನುತ್ತಾರೆ, ಆ ಹೆಸರೇ ಬಹಳ ಜನರ ದಾರಿ ತಪ್ಪಿಸುತ್ತದೆ. ದೂರ ಓಡುವ ಗೆಲಾಕ್ಸಿ ಕೆಂಪಗೆ ಕಾಣಬೇಕು ಎಂದುಕೊಳ್ಳುತ್ತಾರೆ. ಫೋಟೊದಲ್ಲಿ 3ಸಿ 273 ನೀಲಿ ಛಾಯೆಯಲ್ಲೇ ಇದೆ. ಬೆಳಕೆಲ್ಲ ಕೆಂಪಿನ ಕಡೆ ಜರುಗಿದಾಗ ಕಣ್ಣಿಗೆ ಕಾಣದ ನೇರಳಾತೀತ ಭಾಗ ಬಂದು ನೀಲಿಯ ಜಾಗದಲ್ಲಿ ಕೂರುತ್ತದೆ, ಬಣ್ಣದಿಂದ ಏನೂ ತಿಳಿಯುವುದಿಲ್ಲ. ವೇಗ ಹೇಳುವುದು ರೋಹಿತದೊಳಗಿನ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯೊಳಗಿನ ಗೆರೆಗಳು. ಹೈಡ್ರೋಜನ್ನಿನ ಗೆರೆಗಳು 656.3, 486.1, 434.0, 410.2 ನ್ಯಾನೋಮೀಟರ್ ತರಂಗಾಂತರದಲ್ಲಿ, ಸೋಡಿಯಂನದು 589.0 ಮತ್ತು 589.6ರ ಜೋಡಿ, ಕ್ಯಾಲ್ಸಿಯಂನದು 393.4 ಮತ್ತು 396.8. ಬೆಳಕು ಹೊರಡುವಾಗ ಈ ಅಂಕಿಗಳು ಪ್ರಯೋಗಾಲಯದಲ್ಲೂ ಅವೇ, ಗೆಲಾಕ್ಸಿಯಲ್ಲೂ ಅವೇ.

ಇಲ್ಲಿ ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗೆರೆಗಳೆಲ್ಲ ಒಂದೇ ಅಳತೆ ಜರುಗುವುದಿಲ್ಲ, ಎಲ್ಲವೂ ಒಂದೇ ಸಂಖ್ಯೆಯಿಂದ ಗುಣಿಸಲ್ಪಡುತ್ತವೆ. 3ಸಿ 273ಕ್ಕೆ ಆ ಸಂಖ್ಯೆ 1.158. ಹಾಗಾಗಿ 486.1 ಇದ್ದದ್ದು 562.9ಕ್ಕೂ 434.0 ಇದ್ದದ್ದು 502.6ಕ್ಕೂ ಹೋಗುತ್ತದೆ. ಒಂದೇ ಗೆರೆ ಸಿಕ್ಕರೆ ಅದು ಯಾವ ಧಾತುವಿನದ್ದೂ ಆಗಿರಬಹುದು. ಎರಡು ಮೂರು ಗೆರೆ ಒಂದೇ ಗುಣಕಕ್ಕೆ ಒಪ್ಪಿದಾಗ ಮಾತ್ರ ನಂಬಬೇಕು. 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟೆನ್ ಶ್ಮಿಟ್ ಇದೇ ವಸ್ತುವಿನ ರೋಹಿತದ ಒಗಟು ಬಿಡಿಸಿದ್ದೂ ಹೀಗೆಯೇ: ಗುರುತು ಸಿಗದ ಗೆರೆಗಳ ನಡುವಿನ ಅಂತರದಲ್ಲಿ ಹೈಡ್ರೋಜನ್ನಿನ ಪರಿಚಿತ ಸಾಲು ಕಂಡಿತು.

ಸಾಮಾನು ಹೆಚ್ಚೇನೂ ಬೇಡ. ಮಿಲಿಮೀಟರಿಗೆ 100 ಗೀರಿನ ಗ್ರೇಟಿಂಗ್, ಅಂದರೆ ಬೆಳಕನ್ನು ರೋಹಿತವಾಗಿ ಬಿಡಿಸುವ ಗಾಜು, ಒಂದೂಕಾಲು ಇಂಚಿನ ಫಿಲ್ಟರ್ ರೂಪದಲ್ಲೇ ಸಿಗುತ್ತದೆ, ಅದನ್ನು ಕ್ಯಾಮೆರಾದ ಮೂತಿಗೆ ತಿರುಗಿಸಿ ಕೂರಿಸಬೇಕು. ಗ್ರೇಟಿಂಗಿನಿಂದ ಸೆನ್ಸರಿಗೆ 50 ಮಿ.ಮೀ. ದೂರ, ಪಿಕ್ಸೆಲ್ 3.76 ಮೈಕ್ರಾನ್ ಎಂದಿಟ್ಟುಕೊಂಡರೆ ಒಂದು ಪಿಕ್ಸೆಲಿಗೆ 0.75 ನ್ಯಾನೋಮೀಟರ್ ಬೀಳುತ್ತದೆ. ಫೋಟೊದಲ್ಲಿ ನಕ್ಷತ್ರದ ಚುಕ್ಕೆಯೂ ಇರುತ್ತದೆ, ಅದರ ಪಕ್ಕದಲ್ಲಿ ರೋಹಿತದ ಪಟ್ಟಿಯೂ ಇರುತ್ತದೆ. ಆ ಚುಕ್ಕೆಯೇ ಸೊನ್ನೆ. ಅಲ್ಲಿಂದ ಗೆರೆಯವರೆಗೆ ಪಿಕ್ಸೆಲ್ ಎಣಿಸಿದರೆ ತರಂಗಾಂತರದ ಲೆಕ್ಕ ಬಂದಂತೆ.

ಹೋಲಿಕೆಗೆ ಉತ್ತರೆ ನಕ್ಷತ್ರವನ್ನು ತೆಗೆದುಕೊಳ್ಳಿ. ಮಳೆ ಲೆಕ್ಕದಿಂದ ಹೆಸರು ಎಲ್ಲರಿಗೂ ಗೊತ್ತು. ಆಕಾಶದಲ್ಲಿ ಅದು ಸಿಂಹದ ಬಾಲದ ತುದಿಯ ಬಿಳಿ ನಕ್ಷತ್ರ, ಕನ್ಯಾ ರಾಶಿಗೆ ಹತ್ತಿರ. ಅದರ ರೋಹಿತದಲ್ಲಿ ಹೈಡ್ರೋಜನ್ನಿನ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಚಿತ್ತೆಯೂ ಪಕ್ಕದಲ್ಲೇ ಇದೆ, ಹೆಚ್ಚು ಪ್ರಕಾಶವೂ ಇದೆ, ಆದರೆ ಅದು ತೀರಾ ಬಿಸಿ. ಹೈಡ್ರೋಜನ್ ಗೆರೆ ಅಷ್ಟು ದಟ್ಟವಾಗಿ ಬರುವುದಿಲ್ಲ. ಮೇಲಿನ ಅಳತೆಯಲ್ಲಿ ಉತ್ತರೆಯ 486.1ರ ಗೆರೆ ಚುಕ್ಕೆಯಿಂದ 646 ಪಿಕ್ಸೆಲ್ ದೂರ. ಕ್ವೇಸಾರ್‌ನ ಅದೇ ಗೆರೆ, ಈ ಸಲ ಹೊಳೆಯುವ ಉಬ್ಬಿನ ರೂಪದಲ್ಲಿ, 748ರ ಹತ್ತಿರ. 748ನ್ನು 646ರಿಂದ ಭಾಗಿಸಿದರೆ 1.158. ಪಕ್ಕದ 434.0ರ ಗೆರೆ 577ರಿಂದ 668ಕ್ಕೆ ಹೋಗಿರುತ್ತದೆ. ಅದನ್ನೂ ಭಾಗಿಸಿ ನೋಡಿ, ಅದೇ ಉತ್ತರ. ನ್ಯಾನೋಮೀಟರಿಗೆ ಬದಲಾಯಿಸುವ ಗೋಜೇ ಇಲ್ಲದೆ ಬರೀ ಪಿಕ್ಸೆಲ್ಲಿನ ಭಾಗಾಕಾರದಲ್ಲಿ ಪಲ್ಲಟ ಕೈಗೆ ಬರುತ್ತದೆ. ಇಷ್ಟು ಸರಳವಾಗಿ ಇಷ್ಟು ದೂರದ ಸಂಗತಿ ಹೇಳುವ ಇನ್ನೊಂದು ಪ್ರಯೋಗ ಹವ್ಯಾಸಿಗಳ ಕೈಗೆ ಸಿಗುವುದು ಅಪರೂಪ. ಆ ಬೆಳಕು ಹೊರಟು ಹತ್ತಿರ ಹತ್ತಿರ 200 ಕೋಟಿ ವರ್ಷವಾಗಿದೆ.

ಒಂದೊಂದು ಫೋಟೊ 30 ಸೆಕೆಂಡಿನಂತೆ 60 ತೆಗೆದು ಒಂದರ ಮೇಲೊಂದು ಕೂಡಿಸಬೇಕು. ಕೆಡುವುದು ಎಲ್ಲೆಲ್ಲಿ ಎಂದರೆ, ಮೊದಲನೆಯದು ಫೋಕಸ್. ಚುಕ್ಕೆಗೆ ಫೋಕಸ್ ಮಾಡಿದರೆ ರೋಹಿತ ಮಸುಕು. ಉತ್ತರೆಯ ಗೆರೆಗಳು ಚೂಪಾಗುವವರೆಗೆ ತಿರುಗಿಸಿ ಅಲ್ಲೇ ಬಿಗಿ ಮಾಡಿ. ಗ್ರೇಟಿಂಗ್ ಇರುವ ಜಾಗ ಒಂದು ಮಿ.ಮೀ. ಸರಿದರೂ ಹೋಲಿಕೆ ಹಾಳಾಗುತ್ತದೆ, ಆದ್ದರಿಂದ ಎರಡೂ ಫೋಟೊ ಮುಗಿಯುವವರೆಗೆ ಕ್ಯಾಮೆರಾ ಬಿಚ್ಚಬಾರದು. ರೋಹಿತ ಪಿಕ್ಸೆಲ್ ಸಾಲಿಗೆ ನೇರವಾಗಿರಬೇಕು, ಪಕ್ಕದ ನಕ್ಷತ್ರದ ಪಟ್ಟಿ ಮೇಲೆ ಬೀಳದಂತೆ ಗ್ರೇಟಿಂಗನ್ನು ತಿರುಗಿಸಿಕೊಳ್ಳಬೇಕು. ಗಾಳಿ ನಮ್ಮ ಸೀಮೆಯ ದೊಡ್ಡ ತೊಂದರೆ. ಗಾಳಿಯಂತ್ರ ನಿಲ್ಲಿಸಿದ ಗುಡ್ಡದ ಸಾಲಿನ ಮೇಲೆ ಟೆಲಿಸ್ಕೋಪ್ ಇಡುವುದಕ್ಕಿಂತ ತಗ್ಗಿನಲ್ಲಿ, ಗೋಡೆಯ ಮರೆಯಲ್ಲಿ ಇಡುವುದು ಮೇಲು. ನಕ್ಷತ್ರದ ಚುಕ್ಕೆ 4 ಪಿಕ್ಸೆಲ್ ಅಗಲವಾದರೆ ರೋಹಿತವೂ 3 ನ್ಯಾನೋಮೀಟರಿನಷ್ಟು ಕಲಸಿಹೋಗುತ್ತದೆ. ದಾವಣಗೆರೆ ಕಡೆ ಭದ್ರಾ ಕಾಲುವೆಯ ಗದ್ದೆ ಬಯಲಿನಲ್ಲಿ ಚಳಿಗಾಲದ ರಾತ್ರಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಚಳ್ಳಕೆರೆ ಮೊಳಕಾಲ್ಮೂರಿನ ಒಣ ಹವೆಯಲ್ಲಿ ಆ ಕಾಟ ಕಡಿಮೆ.

ಇನ್ನೊಂದು ಗುಂಡಿ ಇದೆ, ಹಲವರು ಬೀಳುತ್ತಾರೆ. ಹೈಡ್ರೋಜನ್ನಿನ ಅತಿ ಪ್ರಬಲ ಗೆರೆ 656.3ರದ್ದು, ಅದನ್ನೇ ಹುಡುಕೋಣ ಎನಿಸುತ್ತದೆ. ಆದರೆ 1.158ರಿಂದ ಗುಣಿಸಿದರೆ ಅದು 760ಕ್ಕೆ ಹೋಗಿ ಕೂರುತ್ತದೆ. ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ 700ರ ಆಸುಪಾಸಿನಲ್ಲೇ ಬೆಳಕನ್ನು ತಡೆಯುತ್ತದೆ. ಆ ಫಿಲ್ಟರ್ ಇಲ್ಲದಿದ್ದರೂ ನಮ್ಮ ವಾಯುಮಂಡಲದ ಆಮ್ಲಜನಕ ಸರಿಯಾಗಿ 760ರಲ್ಲೇ ಬೆಳಕನ್ನು ನುಂಗುತ್ತದೆ. ಉಬ್ಬಿನ ನಡುವೆಯೇ ಹಳ್ಳ ಬಿದ್ದಂತಾಗಿ ಅದರ ಮಧ್ಯ ಎಲ್ಲಿ ಎಂದು ಹೇಳಲಾಗದು. 563ರ ಗೆರೆಯನ್ನೇ ನಂಬಿ.

ಎಣಿಕೆಯಲ್ಲಿ 3 ಪಿಕ್ಸೆಲ್ ತಪ್ಪಿದರೆ ವೇಗದಲ್ಲಿ ಸುಮಾರು 1,400 ಕಿ.ಮೀ./ಸೆ. ತಪ್ಪು. ಕ್ವೇಸಾರ್‌ನ ಪಲ್ಲಟವನ್ನು, ಅಂದರೆ 1.158ರಲ್ಲಿ 1 ಕಳೆದು ಉಳಿದ 0.158ನ್ನು, ಬೆಳಕಿನ ವೇಗದಿಂದ ಗುಣಿಸಿದರೆ 47,000 ಕಿ.ಮೀ./ಸೆ. ದಾಟುತ್ತದೆ, ಅಲ್ಲಿ ಈ ತಪ್ಪು ನಡೆದೀತು. ಇದಕ್ಕೇ ಇಲ್ಲಿಂದ ಶುರು ಮಾಡಿ ಎಂದದ್ದು. (ಇಷ್ಟು ದೂರದಲ್ಲಿ ಪಲ್ಲಟಕ್ಕೆ ಕಾರಣ ಜಾಗದ ಹಿಗ್ಗುವಿಕೆ, ದೂರ ಹೋಗುವ ಲಾರಿಯ ಹಾರ್ನಿನ ದನಿ ತಗ್ಗುತ್ತದಲ್ಲ, ಆ ಹೋಲಿಕೆ ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ.) ಕಾರ್ತಿಕದ ಸಂಜೆ ಚಳ್ಳಕೆರೆಯ ಹೊಲದಿಂದ ಬರಿಗಣ್ಣಿಗೇ ಕಾಣುವ ದೇವಯಾನಿ ಗೆಲಾಕ್ಸಿ ನಮ್ಮ ಕಡೆಗೇ ಸೆಕೆಂಡಿಗೆ 300 ಕಿ.ಮೀ. ಬರುತ್ತಿದೆ. ಅದರ ಕ್ಯಾಲ್ಸಿಯಂ ಗೆರೆ ಸರಿಯುವುದು 0.39 ನ್ಯಾನೋಮೀಟರ್, ಅರ್ಧ ಪಿಕ್ಸೆಲ್. ಮೇಲಾಗಿ ಅದು ಚುಕ್ಕೆಯಲ್ಲ, ಹರಡಿದ ಮಬ್ಬು. ಅದರ ಒಂದೊಂದು ಭಾಗವೂ ತನ್ನದೇ ರೋಹಿತ ಚೆಲ್ಲಿ ಎಲ್ಲ ಕಲಸುಮೇಲೋಗರವಾಗುತ್ತದೆ. ಅದಕ್ಕೆ ಕಿರಿದಾದ ಸೀಳಿನಿಂದ ಮಾತ್ರ ಬೆಳಕನ್ನು ಒಳಬಿಡುವ ಸೀಳುಕಿಂಡಿಯ ರೋಹಿತಮಾಪಕವೇ ಬೇಕು.

1912ರಲ್ಲಿ ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ದೇವಯಾನಿಯ ಈ ಪಲ್ಲಟವನ್ನು ಹಿಡಿದದ್ದು 24 ಇಂಚಿನ ಟೆಲಿಸ್ಕೋಪಿನಲ್ಲಿ. ಮಬ್ಬು ವಸ್ತುವಿಗೆ ಟೆಲಿಸ್ಕೋಪಿನ ಗಾತ್ರಕ್ಕಿಂತ ರೋಹಿತಮಾಪಕದ ಕ್ಯಾಮೆರಾ ಲೆನ್ಸಿನ ಚುರುಕೇ ಮುಖ್ಯ ಎಂದು ಅರಿತು ಆತ ಎಫ್/2.5 ಲೆನ್ಸ್ ಹಾಕಿದ, ಒಂದೊಂದು ಗಾಜಿನ ತಟ್ಟೆಗೆ ಹಲವು ಗಂಟೆ ಬೆಳಕು ಕುಡಿಸಿದ. 1917ರ ಹೊತ್ತಿಗೆ 25 ಗೆಲಾಕ್ಸಿ ಅಳೆದಾಗಿತ್ತು, 21 ದೂರ ಹೋಗುತ್ತಿದ್ದವು. ಹಬಲ್‌ನ 1929ರ ನಿಯಮಕ್ಕೆ (ಗೆಲಾಕ್ಸಿ ದೂರವಿದ್ದಷ್ಟೂ ಓಟ ಜೋರು) ಬೇಕಾದ ವೇಗಗಳಲ್ಲಿ ಬಹುಪಾಲು ಇವನವೇ. ಸ್ಲೈಫರ್ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ದೊಡ್ಡದಾಗಿ ಬರಬೇಕು.

ಸೀಳುಕಿಂಡಿಯ ಉಪಕರಣಕ್ಕೆ ಸೊನ್ನೆಯ ಚುಕ್ಕೆ ಇರುವುದಿಲ್ಲ, ಗೊತ್ತಿರುವ ದೀಪದ ಗೆರೆ ಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನ ಕಿತ್ತಳೆ ಇಂಡಿಕೇಟರ್ ಸಾಕು, ಅದು ನಿಯಾನ್ ಆಗಿದ್ದರೆ: 585.2, 640.2, 703.2ರಲ್ಲಿ ಚೂಪು ಗೆರೆಗಳು. ಹೊಸ ಬಾಕ್ಸುಗಳಲ್ಲಿ ಎಲ್‌ಇಡಿ ಇರುತ್ತದೆ, ಅದರಲ್ಲಿ ಗೆರೆಯಿಲ್ಲ, ಬರೀ ದಪ್ಪ ಉಬ್ಬು. ಒಂದು ಡಿವಿಡಿ ಚೂರಿನಲ್ಲಿ ಪ್ರತಿಫಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುವುದನ್ನು ತಾರೀಖಿನ ಪ್ರಕಾರ ಕಳೆಯಬೇಕು. ಸ್ಲೋನ್ ಸರ್ವೆ ಎಂಬ ದೊಡ್ಡ ಆಕಾಶ ಸಮೀಕ್ಷೆಯ ಉಚಿತ ರೋಹಿತ ಇಳಿಸಿಕೊಂಡು ಅಭ್ಯಾಸ ಮಾಡುವವರು ಗಮನಿಸಿ: ಅಲ್ಲಿನ ತರಂಗಾಂತರ ನಿರ್ವಾತದ್ದು, ನಮ್ಮ ಪುಸ್ತಕದ್ದು ಗಾಳಿಯದ್ದು. 656.3 ಅಲ್ಲಿ 656.5 ಆಗಿರುತ್ತದೆ. ಬೆರೆಸಿದರೆ ಸುಮಾರು 80 ಕಿ.ಮೀ./ಸೆ. ತಪ್ಪು ಸದ್ದಿಲ್ಲದೆ ಒಳಗೆ ಸೇರುತ್ತದೆ.

ಕೈ ಕುದುರಿದ ಮೇಲೆ ಅದೇ ಕನ್ಯಾ ರಾಶಿಯ ಸಾಂಬ್ರೆರೋ ಗೆಲಾಕ್ಸಿಗೆ ಹೋಗಿ. ಅದು ಅಡ್ಡಲಾಗಿ, ಪೂರ್ವ ಪಶ್ಚಿಮವಾಗಿ ಮಲಗಿದೆ. ಸೀಳುಕಿಂಡಿಯನ್ನು ಅದರ ಉದ್ದಕ್ಕೇ ಇಡಿ. ಇಡೀ ಗೆಲಾಕ್ಸಿ ಸೆಕೆಂಡಿಗೆ ಸುಮಾರು 1,000 ಕಿ.ಮೀ. ದೂರ ಹೋಗುತ್ತಿರುವುದರಿಂದ ಸೋಡಿಯಂನ ಕಪ್ಪು ಗೆರೆ 591ರ ಹತ್ತಿರ ಬರುತ್ತದೆ, ಗೆಲಾಕ್ಸಿ ತಿರುಗುತ್ತಿರುವುದರಿಂದ ಆ ಗೆರೆ ಓರೆಯಾಗಿ ನಿಂತಿರುತ್ತದೆ: ಒಂದು ತುದಿ ಕೆಂಪಿಗೆ, ಇನ್ನೊಂದು ನೀಲಿಗೆ. ಅದರ ಪಕ್ಕದಲ್ಲೇ, 589ರಲ್ಲಿ, ಹೆದ್ದಾರಿಯಲ್ಲಿ ಸೋಡಿಯಂ ದೀಪಗಳು ಇನ್ನೂ ಉಳಿದಿದ್ದರೆ, ಅವು ಆಕಾಶಕ್ಕೆ ಚೆಲ್ಲಿದ ಬೆಳಕಿನ ಗೆರೆ ನೆಟ್ಟಗೆ ನಿಂತಿರುತ್ತದೆ. ಓರೆ ಎಷ್ಟು ಎಂದು ಅಳೆಯಲು ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.