ಆರು ಅಡಿಯ ಪಟ್

ಇವತ್ತು ಒಂದು ಗಂಟೆ ಗಾಲ್ಫ್‌ನಲ್ಲಿ ಬರೀ ಪಟ್ಟಿಂಗ್ ಅಭ್ಯಾಸ ಮಾಡಿದೆ, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವುದು. ದೂರಕ್ಕೆ ಹೊಡೆಯುವ ಕೋಲು ಡ್ರೈವರ್ ಅನ್ನು ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ.

ಪಾರ್ 72ರ ಲೆಕ್ಕ ನೋಡಿ, ಅಂದರೆ ಇಡೀ ಸುತ್ತಿಗೆ ನಿಗದಿಯಾದ 72 ಹೊಡೆತ. 18 ಕುಳಿಗೆ ತಲಾ ಎರಡು ಪಟ್ ಅಂದರೆ 36. ಅರ್ಧ ಆಟ ಗ್ರೀನ್ ಮೇಲೆಯೇ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆಯೇ! ಆದರೂ ನಾವು ಜಾಸ್ತಿ ಹೊತ್ತು ಕೊಡುವುದು ದೂರದ ಹೊಡೆತಕ್ಕೆ, ಅಲ್ವಾ?

ನನ್ನ ತಪ್ಪು ಇವತ್ತು ಕೈಗೆ ಸಿಕ್ಕಿತು. ಹೊಡೆದ ಕೂಡಲೇ ಚೆಂಡು ಎಲ್ಲಿಗೆ ಹೋಯಿತು ಅಂತ ತಲೆ ಎತ್ತುತ್ತಿದ್ದೆ. ತಲೆಯ ಜೊತೆ ಭುಜವೂ ತಿರುಗುತ್ತದೆ, ಪಟ್ ಹೊಡೆಯುವ ಕೋಲು ಪಟರ್‌ನ ಮುಖ ಓರೆಯಾಗುತ್ತದೆ. ಚೆಂಡು ಹೊರಡುವ ದಿಕ್ಕು ಬಹುಪಾಲು ಆ ಮುಖದ ಮೇಲೆಯೇ ನಿಂತಿದೆ. ಹಾಗಾಗಿ ನೆಲಕ್ಕೆ ಎರಡು ಟೀ (ಚೆಂಡು ಇಡುವ ಪುಟ್ಟ ಗೂಟ) ಚುಚ್ಚಿದೆ. ನಡುವೆ ಪಟರ್ ಹಾಯುವಷ್ಟೇ ಜಾಗ. ಆರು ಅಡಿಯಿಂದ ಮತ್ತೆ ಮತ್ತೆ ಹೊಡೆದೆ. ಚೆಂಡು ಕುಳಿಗೆ ಬೀಳುವ ಸದ್ದು ಕೇಳುವವರೆಗೂ ನೆಲವನ್ನೇ ನೋಡಿದೆ.

ಕುಳಿಯ ಅಗಲ 108 ಮಿಲಿಮೀಟರ್, ಚೆಂಡಿನದು ಸುಮಾರು 43. ಜಾಗ ಸಾಕಷ್ಟಿದೆ. ಆದರೆ ವೇಗ ಜಾಸ್ತಿಯಾದರೆ ಅಂಚು ಸವರಿಕೊಂಡು ಆಚೆ ಹೋಗಿಬಿಡುತ್ತದೆ.

ನೋಡದೆ ಸುಮ್ನೆ ಕಾಯುವ ಆ ಎರಡು ಸೆಕೆಂಡು ಎಷ್ಟು ಕಷ್ಟ! ಬೇರೆ ಕೆಲಸಗಳಲ್ಲೂ ನಾನು ಹೀಗೇ ಬೇಗ ತಲೆ ಎತ್ತುತ್ತೇನೇನೋ ಅನ್ನಿಸಿತು. ನಾಳೆ ಹತ್ತು ಅಡಿಯಿಂದ ಶುರು.