65ಕ್ಕಿಂತ ಮೊದಲೇ ಮೆಡಿಕೇರ್ ಕೊಡಬಾರದಾ?

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಮೆಡಿಕೇರ್ ಅಂದರೆ ಅಮೆರಿಕ ಸರ್ಕಾರ ಮುಖ್ಯವಾಗಿ 65 ದಾಟಿದವರಿಗೆ ಕೊಡುವ ಆರೋಗ್ಯ ವಿಮೆ; ಅದಕ್ಕೂ ಮುಂಚೆ ಹೆಚ್ಚಿನವರ ವಿಮೆ ಕೆಲಸದ ಜೊತೆಗೇ ಬರುತ್ತದೆ. "ಸಂಬಳ ಬಂದಾಗಲೆಲ್ಲ ಮೆಡಿಕೇರ್ ತೆರಿಗೆ ಕಟ್ಟಿದ್ದೇವೆ. ಅದು ಸಿಗೋಕೆ 65 ಯಾಕೆ ಆಗಬೇಕು? 60ಕ್ಕೆ ಕೊಟ್ಟರೆ ಏನಾಗುತ್ತೆ?" ಊರಿಂದ ಫೋನ್ ಮಾಡುವ ನೆಂಟರು ಇದನ್ನೇ ಬೇರೆ ಥರ ಕೇಳುತ್ತಾರೆ. "ಅಷ್ಟು ದುಡ್ಡಿರೋ ದೇಶ. ಕೆಲಸ ಹೋದರೆ ಆಸ್ಪತ್ರೆಗೆ ಹೋಗೋಕೂ ಹೆದರಬೇಕಾ?"

ನನ್ನ ಉತ್ತರ: ಕೊಡಬೇಕು. ಮೊದಲು 60ಕ್ಕೆ ಇಳಿಸಬೇಕು, ಆಮೇಲೆ ಇನ್ನೂ ಕೆಳಗೆ.

65 ಅನ್ನುವುದು ಯಾವ ಡಾಕ್ಟರೂ ಹೇಳಿದ ವಯಸ್ಸಲ್ಲ. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಯ ಕಾನೂನು ಬಂದಾಗ ಇಟ್ಟ ವಯಸ್ಸು ಅದು. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದಾಗ ಅದನ್ನೇ ಹಾಗೇ ಎತ್ತಿಕೊಂಡರು. ಆಗ ಖಾಸಗಿ ಕಂಪನಿಗಳು ವಯಸ್ಸಾದವರಿಗೆ ವಿಮೆ ಕೊಡಲು ಹಿಂದೇಟು ಹಾಕುತ್ತಿದ್ದವು. ಹಾಗಾಗಿ ಅವರಿಂದ ಶುರು ಮಾಡಿದರು. ಎಲ್ಲರಿಗೂ ವಿಮೆ ಕೊಡುವ ದಾರಿಯಲ್ಲಿ ಇದು ಮೊದಲ ಹೆಜ್ಜೆ ಎಂದೇ ತಾವು ಅಂದುಕೊಂಡಿದ್ದೆವು ಅಂತ ಈ ಯೋಜನೆ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ಬಾಲ್ ಮುಂದೆ ಬರೆದರು. ಎರಡನೇ ಹೆಜ್ಜೆ ಇಡುವುದು ಬಾಕಿ ಉಳಿದಿದೆ.

ಹಾಗಂತ ಆ ಗೆರೆಯನ್ನು ಯಾವತ್ತೂ ದಾಟಿಲ್ಲ ಅಂತಲ್ಲ. 1971ರಲ್ಲಿ ಶೆಪ್ ಗ್ಲೇಜರ್ ಎಂಬ ಕಿಡ್ನಿ ರೋಗಿ ಸಂಸತ್ತಿನ ಸಮಿತಿಯ ಎದುರಿಗೇ ಡಯಾಲಿಸಿಸ್ ಮಾಡಿಸಿಕೊಂಡು ತೋರಿಸಿದರು. ಮುಂದಿನ ವರ್ಷವೇ ಕಾನೂನು ಬದಲಾಯಿತು. ಕಿಡ್ನಿ ಪೂರ್ತಿ ಕೈಕೊಟ್ಟವರಿಗೆ ವಯಸ್ಸು ನೋಡದೆ ಮೆಡಿಕೇರ್ ಸಿಕ್ಕಿತು. ಅಂಗವೈಕಲ್ಯದ ಪಿಂಚಣಿಯನ್ನು 24 ತಿಂಗಳು ಪಡೆದವರಿಗೂ ಸಿಕ್ಕಿತು. ಇನ್ನೊಂದು ಉದಾಹರಣೆ ಮೊಂಟಾನಾ ರಾಜ್ಯದ ಲಿಬ್ಬಿ. ಸಣ್ಣ ಊರು, ಹತ್ತಿರದಲ್ಲೇ ವರ್ಮಿಕ್ಯುಲೈಟ್ ಎಂಬ ಖನಿಜದ ಗಣಿ. ಅದರ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ಇತ್ತು. ಗಣಿ ಕೆಲಸಗಾರರ ಜೊತೆಗೆ ಅವರ ಹೆಂಡತಿ ಮಕ್ಕಳ ಶ್ವಾಸಕೋಶವೂ ಹಾಳಾಯಿತು. ಆ ರಾಜ್ಯದ ಸೆನೆಟರ್ ಮ್ಯಾಕ್ಸ್ ಬಾಕಸ್ 2010ರ ಆರೋಗ್ಯ ಕಾನೂನಿನಲ್ಲೇ ಒಂದು ಕಲಂ ಸೇರಿಸಿ, ಆ ಕಾಯಿಲೆ ಬಂದವರಿಗೆ ಯಾವ ವಯಸ್ಸಾದರೂ ಮೆಡಿಕೇರ್ ಸಿಗುವಂತೆ ಮಾಡಿದರು. ಮನಸ್ಸು ಮಾಡಿದರೆ ಇದು ಆಗುವ ಕೆಲಸವೇ.

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ. 1998–2000ರ ಹೊತ್ತಿಗೆ, ವೈಟುಕೆ ಕಾಲದಲ್ಲಿ (2000ಕ್ಕೆ ಕಂಪ್ಯೂಟರುಗಳ ತಾರೀಕು ತಪ್ಪದಂತೆ ಸರಿಪಡಿಸುವ ಕೆಲಸ ಜೋರಿದ್ದಾಗ), ಬೆಂಗಳೂರು ಮೈಸೂರಿನಿಂದ ಎಷ್ಟೊಂದು ಜನ ಇಲ್ಲಿಗೆ ಬಂದರು. ಆಗ ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ಅರವತ್ತರ ಹತ್ತಿರ ಇದ್ದಾರೆ. ಕಂಪನಿಗಳು ಜನರನ್ನು ತೆಗೆಯುವಾಗ ಇವರಿಗೆ ಪೆಟ್ಟು ಜೋರು. ಕೆಲಸ ಹೋದ ಮೇಲೆ ಹಳೆಯ ವಿಮೆಯನ್ನು ಕೋಬ್ರಾ (COBRA) ಎಂಬ ಕಾನೂನಿನ ಪ್ರಕಾರ ಸಾಮಾನ್ಯವಾಗಿ 18 ತಿಂಗಳು ಉಳಿಸಿಕೊಳ್ಳಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನೀವೇ ಕಟ್ಟಬೇಕು, ಅದರ ಮೇಲೆ ಶೇ. 2 ಖರ್ಚು ಬೇರೆ. 2024ರಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,500 ಡಾಲರ್ ದಾಟಿತ್ತು. ಸಂಬಳವಿಲ್ಲದ ಮನೆಯಿಂದ ತಿಂಗಳಿಗೆ ಎರಡು ಸಾವಿರಕ್ಕೂ ಜಾಸ್ತಿ ಡಾಲರ್ ಎಲ್ಲಿಂದ ತರೋದು?

ಒಬಾಮಾ ಕಾಲದ ಮಾರ್ಕೆಟ್‌ಪ್ಲೇಸ್ (ಜನ ತಾವೇ ವಿಮೆ ಕೊಳ್ಳುವ ಸರ್ಕಾರಿ ವೇದಿಕೆ) ಇದೆ ನಿಜ. ಅದು ಬಂದಿದ್ದು ದೊಡ್ಡ ಉಪಕಾರ. ಬಿಪಿ, ಶುಗರ್ ಇದೆ ಅಂತ ಈಗ ಯಾರೂ ವಿಮೆ ನಿರಾಕರಿಸುವ ಹಾಗಿಲ್ಲ. ಆದರೆ ಅಲ್ಲಿ 21ರ ಹುಡುಗನಿಗಿಂತ 64ರವರಿಗೆ ಮೂರು ಪಟ್ಟು ಪ್ರೀಮಿಯಂ ಹಾಕಲು ಹೆಚ್ಚಿನ ರಾಜ್ಯಗಳಲ್ಲಿ ಅವಕಾಶ ಇದೆ. ಆದಾಯ ಬಡತನ ರೇಖೆಯ ನಾಲ್ಕು ಪಟ್ಟು ದಾಟಿದರೆ ಸರ್ಕಾರದ ಸಹಾಯವೂ ಇಲ್ಲ ಎಂಬ ನಿಯಮ ಇತ್ತು. 2021ರಲ್ಲಿ ಅದನ್ನು ಸಡಿಲಿಸಿದರು. ಆ ಸಡಿಲಿಕೆ 2025ರ ಕೊನೆಗೆ ಮುಗಿಯಿತು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಹೆಂಡತಿಯರ ಪಾಡು. ಮೆಡಿಕೇರ್ ಒಬ್ಬೊಬ್ಬರಿಗೆ ಸಿಗುವಂಥದ್ದು, ಅದರಲ್ಲಿ ಕುಟುಂಬ ಅನ್ನುವ ಲೆಕ್ಕವೇ ಇಲ್ಲ. ನಮ್ಮ ಪೀಳಿಗೆಯ ಮನೆಗಳಲ್ಲಿ ಗಂಡ ಹೆಂಡತಿಗಿಂತ ಐದಾರು ವರ್ಷ ದೊಡ್ಡವನಾಗಿರುವುದು ಮಾಮೂಲು. ಅವನಿಗೆ 65 ಆಯಿತು, ಮೆಡಿಕೇರ್ ಬಂತು, ನಿವೃತ್ತಿ ತೆಗೆದುಕೊಳ್ಳೋಣ ಅಂದುಕೊಂಡ. ಅವಳಿಗೆ ಇನ್ನೂ 59. ಅವನು ಕೆಲಸ ಬಿಟ್ಟ ದಿನ ಅವಳ ವಿಮೆ ಹೋಯಿತು. ಹಾಗಾದರೆ ಅವಳಿಗೆ ತನ್ನದೇ ಕೆಲಸದ ವಿಮೆ ಯಾಕಿಲ್ಲ? ಎಚ್‌-4 ವೀಸಾದಲ್ಲಿ (ಗಂಡನ ಕೆಲಸದ ವೀಸಾ ಜೊತೆ ಸಿಗುವುದು) ಬಂದ ಹೆಣ್ಣುಮಕ್ಕಳಿಗೆ ಆಗ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. 2015ರಲ್ಲಿ ಕೆಲವರಿಗೆ ಸಿಕ್ಕಿತು. ಎಂಜಿನಿಯರಿಂಗ್, ಎಂಎಸ್ಸಿ ಓದಿದವರು ಗ್ರೀನ್ ಕಾರ್ಡಿಗೆ ಕಾಯುತ್ತಾ ವರ್ಷಗಟ್ಟಲೆ ಮನೆಯಲ್ಲಿ ಕೂತರು. ಈ ದೇಶದ ಒಂದು ನಿಯಮ ಅವರ ಕೆಲಸ ಕಿತ್ತುಕೊಂಡಿತು, ಈಗ ಇನ್ನೊಂದು ನಿಯಮ ವಿಮೆ ಕಿತ್ತುಕೊಳ್ಳುತ್ತದೆ. ಹಾಗಾಗಿ ಮಂಡಿ ನೋವು, ಬೆನ್ನು ನೋವು ಏನೇ ಇರಲಿ, 70 ಆಗುವವರೆಗೂ ಕೆಲಸಕ್ಕೆ ಹೋಗುವ ಗಂಡಸರನ್ನು ನಾನು ಬಲ್ಲೆ. ಹೆಂಡತಿಗೆ ವಿಮೆ ಇರಲಿ ಅನ್ನುವುದೊಂದೇ ಕಾರಣ.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶ್ವಾಸಕೋಶ, ಸ್ತನ, ಕರುಳು, ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 65ರಲ್ಲಿ ಒಮ್ಮೆಗೇ ಜಿಗಿಯುತ್ತದೆ. ಹುಟ್ಟುಹಬ್ಬದ ದಿನ ಗಡ್ಡೆ ಹುಟ್ಟುವುದಿಲ್ಲ ಅಲ್ವಾ? ಕಾರ್ಡ್ ಬರಲಿ, ಆಮೇಲೆ ತೋರಿಸೋಣ ಅಂತ ಜನ ಕಾಯುತ್ತಿರುತ್ತಾರೆ.

ವಿರೋಧ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಆಸ್ಪತ್ರೆಗಳಿಂದ. ಒಂದೇ ಚಿಕಿತ್ಸೆಗೆ ಖಾಸಗಿ ವಿಮೆ ಮೆಡಿಕೇರ್‌ಗಿಂತ ಸರಾಸರಿ ಎರಡು ಪಟ್ಟಿಗೂ ಜಾಸ್ತಿ ಕೊಡುತ್ತದೆ. ಅರವತ್ತು ದಾಟಿದವರೆಲ್ಲ ಮೆಡಿಕೇರ್‌ಗೆ ಹೋದರೆ ಆ ವರಮಾನ ಇಳಿಯುತ್ತದೆ. ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳ ಭಯ ನಿಜವಾದದ್ದು, ಅವುಗಳಿಗೆ ಬೇರೆ ನೆರವು ಕೊಡಲೇಬೇಕು. ದೊಡ್ಡ ನಗರಗಳ ಆಸ್ಪತ್ರೆ ಸಮೂಹಗಳ ದೂರಿಗೆ ನಾನು ಅಷ್ಟು ಕರಗುವುದಿಲ್ಲ. ಇನ್ನೊಂದು ಮಾತು ಹಣದ್ದು. ಮೆಡಿಕೇರ್‌ನ ಆಸ್ಪತ್ರೆ ನಿಧಿ 2033ಕ್ಕೆ ಬರಿದಾಗಬಹುದು ಅಂತ ಅದರ ಟ್ರಸ್ಟಿಗಳ 2025ರ ವರದಿ ಹೇಳಿದೆ. ಹಾಗಾಗಿ ಹೊಸಬರನ್ನು ಸೇರಿಸುವುದಾದರೆ ಹೊಸ ಹಣವೂ ಬೇಕು. ಈಗ ಮೆಡಿಕೇರ್ ತೆರಿಗೆಯಾಗಿ ನೌಕರ ಸಂಬಳದ ಶೇ. 1.45, ಕಂಪನಿ ಶೇ. 1.45 ಕಟ್ಟುತ್ತವೆ. ಅದನ್ನು ಸ್ವಲ್ಪ ಏರಿಸಿದರೆ ನಾನು ಸಂತೋಷದಿಂದ ಕಟ್ಟುತ್ತೇನೆ. ಕೆಲಸ ಹೋದ ಗೆಳೆಯ ಶುಗರ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದನ್ನು ನೋಡುವುದಕ್ಕಿಂತ ಅದು ಎಷ್ಟೋ ಮೇಲು.

ಪೂರ್ತಿ ಪ್ರೀಮಿಯಂ ಕಟ್ಟಿ ಬೇಗ ಸೇರಿಕೊಳ್ಳಲಿ ಅನ್ನುವ ಯೋಚನೆಯೂ ಹಳೆಯದೇ. 1998ರಲ್ಲಿ ಕ್ಲಿಂಟನ್ 62 ದಾಟಿದವರಿಗಾಗಿ ಇದನ್ನು ಮುಂದಿಟ್ಟರು, ಆಗಲಿಲ್ಲ. 2009ರಲ್ಲಿ 55 ದಾಟಿದವರಿಗೆ ಕೊಡುವ ಮಾತು ಸೆನೆಟ್‌ನಲ್ಲಿ ಬಹಳ ಹತ್ತಿರ ಬಂದಿತ್ತು, ಸೆನೆಟರ್ ಜೋ ಲೀಬರ್‌ಮನ್ ಒಪ್ಪದೆ ಬಿದ್ದುಹೋಯಿತು. 2020ರಲ್ಲಿ ಬೈಡನ್ 60ಕ್ಕೆ ಇಳಿಸುತ್ತೇನೆ ಅಂದರು, ಅದೂ ಕಾನೂನಾಗಲಿಲ್ಲ. ಬರೀ ಪೂರ್ತಿ ಪ್ರೀಮಿಯಂ ಮೇಲೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅದು ಉಳಿತಾಯ ಇರುವವರಿಗೆ ಮಾತ್ರ ದಕ್ಕುತ್ತದೆ.

ಎಲ್ಲರಿಗೂ 60 ಒಂದೇ ಸಲಕ್ಕೆ ಆಗದು ಅಂದರೆ, ಈಗಾಗಲೇ ಮೆಡಿಕೇರ್‌ನಲ್ಲಿ ಇರುವವರ ಗಂಡ ಅಥವಾ ಹೆಂಡತಿಗೆ 60ರಿಂದಲೇ ಕೊಡಲಿ. ಮತದ ಹಕ್ಕಿರುವ ಗೆಳೆಯರು ತಮ್ಮ ಊರಿನ ಸಂಸದರ ಕಚೇರಿಗೆ ಫೋನ್ ಮಾಡಿ ಇದನ್ನು ಕೇಳಿ. ನಿವೃತ್ತಿ ಪತ್ರ ಕೊಡುವ ಮುಂಚೆ ಮನೆಯವರ ವಿಮೆ ಯಾವ ತಾರೀಕಿಗೆ ನಿಲ್ಲುತ್ತದೆ ಅಂತ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಆ ತಾರೀಕಿನಿಂದ 60 ದಿನದೊಳಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೆಸರು ಹಾಕಿಸದಿದ್ದರೆ ಮುಂದಿನ ನೋಂದಣಿ ಅವಧಿಯವರೆಗೆ ಕಾಯಬೇಕಾಗುತ್ತದೆ.